ತಾಗ್ತು ಅಂತ ಹೇಳೋರು ಯಾರು?

ಬೇಸಿಗೆ ಬಂತು ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ವಾರದ ದಿನಗಳಲ್ಲೇ ಹಾಯಿದೋಣಿ ರೇಸು ನಡೆಯತ್ತೆ. ಜನ ಆಫೀಸು ಮುಗಿಸಿ, ಲ್ಯಾಪ್‌ಟಾಪ್ ಬ್ಯಾಗನ್ನು ಕಾರಲ್ಲೇ ಬಿಟ್ಟು, ಸೀದಾ ಯಾಟ್ ಕ್ಲಬ್ಬಿಗೆ ಬರ್ತಾರೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದು ಸುಮಾರು 8:30ಕ್ಕೆ. ಹಗಲೆಲ್ಲ ಒಳನಾಡಿನ ಕಣಿವೆ ಕಾದಿರತ್ತೆ, ಹಾಗಾಗಿ ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟಿನ ಸಂದಿಯಿಂದ ಒಳಕ್ಕೆ ನುಗ್ಗತ್ತೆ. ಸಂಜೆಗೆ 20 ನಾಟ್ ಗಾಳಿ ಅನ್ನೋದು ಮಾಮೂಲು.

ಇಂಥ ರೇಸಿಗೆ ಅಮೆರಿಕದಲ್ಲಿ ‘ಬಿಯರ್ ಕ್ಯಾನ್ ರೇಸ್’ ಅಂತಾರೆ. ಗೆದ್ದವರ ಹೆಸರು ಪೇಪರಲ್ಲಿ ಬರಲ್ಲ. ಮೊದಲು ಬಂದ ದೋಣಿಯೇ ಗೆದ್ದಿದೆ ಅಂತಲೂ ಇಲ್ಲ. ನಿಧಾನದ ದೋಣಿಗೆ ಮೈಲಿಗೆ ಇಷ್ಟು ಸೆಕೆಂಡು ಅಂತ ರಿಯಾಯಿತಿ ಕೊಟ್ಟು ಲೆಕ್ಕ ಹಾಕೋ ಪದ್ಧತಿ ಇದೆ. ಒಂದು ಮಧ್ಯಮ ದೋಣಿ ಓಡಿಸೋಕೆ ನಾಲ್ಕೈದು ಜನ ಬೇಕು, ಅಷ್ಟು ಜನ ಸಿಗೋದು ಕಷ್ಟ. ಹಾಗಾಗಿ ಹಗ್ಗ ಎಳೆಯೋಕೆ ಬಂದ್ರೆ ಸಾಕು, ಹಾಯಿ ಅಂದ್ರೇನು ಅಂತ ಗೊತ್ತಿಲ್ಲದವರನ್ನೂ ಹತ್ತಿಸಿಕೊಳ್ತಾರೆ. ಫ್ರೀಮಾಂಟಲ್ಲೋ ಸನ್ನಿವೇಲಲ್ಲೋ ಇರೋ ನಮ್ಮೂರಿನ ಇಂಜಿನಿಯರಿಗೂ ಜಾಗ ಸಿಗತ್ತೆ. ದೋಣಿ ಬೇರೆಯವರದು, ತಿನ್ನೋ ಸ್ಯಾಂಡ್‌ವಿಚ್ಚೂ ಅವರದೇ.

ಈ ಆಟದ ವಿಚಿತ್ರ ಏನಂದ್ರೆ, ನೀರಿನ ಮೇಲೆ ಅಂಪೈರ್ ಇರಲ್ಲ. ಕೆಲವು ದೊಡ್ಡ ಪಂದ್ಯಗಳಲ್ಲಿ ಇರ್ತಾರೆ, ವಾರದ ಸಂಜೆಯ ರೇಸಲ್ಲಿ ಇಲ್ಲ. ತಪ್ಪು ಮಾಡಿದ ದೋಣಿ ತಾನೇ ಶಿಕ್ಷೆ ತಗೋಬೇಕು ಅನ್ನೋದು ಈ ಆಟದ ಮೂಲ ನಿಯಮ. ನೀರಲ್ಲಿ ತೇಲೋ ಗುರುತನ್ನು ಸುತ್ತಿ ಹೋಗುವಾಗ ದೋಣಿ ಅದಕ್ಕೆ ತಾಗಿದ್ರೆ, ಪಕ್ಕಕ್ಕೆ ಸರಿದು ಒಂದು ಪೂರ್ತಿ ಸುತ್ತು ತಿರುಗಬೇಕು. ದಾರಿ ಬಿಡಬೇಕಾದ ಕಡೆ ಬಿಡದೆ ಇನ್ನೊಂದು ದೋಣಿಗೆ ಅಡ್ಡ ಬಂದಿದ್ರೆ ಎರಡು ಸುತ್ತು. ಅಷ್ಟರಲ್ಲಿ ಒಂದೆರಡು ದೋಣಿ ಮುಂದೆ ಹೋಗಿಬಿಟ್ಟಿರತ್ತೆ.

ಈಗ ಪ್ರಶ್ನೆ. ಚುಕ್ಕಾಣಿ ಹಿಡಿದ ಸ್ಕಿಪ್ಪರಿಗೆ ದೋಣಿಯ ಒಂದು ಕಡೆ ಸರಿಯಾಗಿ ಕಾಣಲ್ಲ, ಮುಂದಿನ ದೊಡ್ಡ ಹಾಯಿ ಅಡ್ಡ ಇರತ್ತೆ. ಆ ಕಡೆ ಹಗ್ಗ ಹಿಡಿದು ಕೂತವನಿಗೆ ಕಾಣತ್ತೆ. ಅವನು ಈ ದೋಣಿಗೆ ಎರಡನೇ ಸಲ ಬಂದ ಅತಿಥಿ ಅಂತಿಟ್ಕೊಳ್ಳಿ. ಗುರುತು ದೋಣಿಯ ಹಿಂಭಾಗಕ್ಕೆ ಮೆಲ್ಲಗೆ ಸವರಿ ಹೋಯ್ತು, ನೋಡಿದ್ದು ಅವನೊಬ್ಬನೇ. ಹೇಳಬೇಕಾ?

ಸುಮ್ಮನಿರೋಕೆ ಕಾರಣಗಳೇನೂ ಕಮ್ಮಿ ಇಲ್ಲ. ದೋಣಿ ನನ್ನದಲ್ಲ. ಸ್ಕಿಪ್ಪರ್ ವಯಸ್ಸಲ್ಲಿ ಹಿರಿಯರು, ಪ್ರೀತಿಯಿಂದ ಕರ್ಕೊಂಡು ಬಂದಿದ್ದಾರೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಕಲಿತು ಬೆಳೆದವರು ನಾವು. ಎಲ್ಲಕ್ಕಿಂತ ದೊಡ್ಡ ಕಾರಣ, ಇದು ಬರೀ ಟೈಮ್‌ಪಾಸ್. ಯಾರಿಗೇನು ನಷ್ಟ?

ಕೊನೇದನ್ನೇ ಮೊದಲು ನೋಡೋಣ. ಬರ್ನಾರ್ಡ್ ಸೂಟ್ಸ್ ಅನ್ನೋ ತತ್ತ್ವಜ್ಞಾನಿ 1978ರಲ್ಲಿ ‘ದಿ ಗ್ರಾಸ್‌ಹಾಪರ್’ ಅನ್ನೋ ಪುಸ್ತಕ ಬರೆದರು. ಆಟ ಅಂದ್ರೆ ಬೇಕಿಲ್ಲದ ಅಡ್ಡಿಗಳನ್ನು ನಾವೇ ಒಪ್ಪಿಕೊಂಡು ದಾಟೋಕೆ ನೋಡೋದು ಅನ್ನೋದು ಅವರ ವಾದದ ತಿರುಳು. ಹಾಯಿದೋಣಿ ರೇಸಿಗೆ ಇದು ಎಷ್ಟು ಸರಿ ನೋಡಿ. ಆ ಗುರುತಿನ ತನಕ ಬೇಗ ಹೋಗೋದೇ ಮುಖ್ಯ ಆಗಿದ್ರೆ ಮೋಟರ್ ಹಾಕಬಹುದಿತ್ತು. ಹಾಕಲ್ಲ. ದುಡ್ಡು, ಪದಕ ಇರೋ ಕಡೆ ಮೋಸ ಮಾಡಿದವನಿಗೆ ಕೊನೆಗೆ ಆ ಪದಕವಾದ್ರೂ ಕೈಗೆ ಸಿಗತ್ತೆ. ಬುಧವಾರದ ರೇಸಲ್ಲಿ ನಿಯಮ ತೆಗೆದರೆ ಉಳಿಯೋದೇನು? ಚಳಿ, ಒದ್ದೆ ಬಟ್ಟೆ. ಬಹುಮಾನ ಚಿಕ್ಕದಾದಷ್ಟೂ ನಿಯಮದ ತೂಕ ಜಾಸ್ತಿ ಆಗತ್ತೆ, ಯಾಕಂದ್ರೆ ಅಲ್ಲಿ ಬೇರೇನೂ ಇಲ್ಲ. ಗಲ್ಲಿ ಕ್ರಿಕೆಟ್ ಆಡಿದ ಎಲ್ಲರಿಗೂ ಇದು ಗೊತ್ತು. ಬ್ಯಾಟಿಗೆ ಚೆಂಡು ಸವರಿದ್ದು ಗೊತ್ತಿದ್ದೂ ಕ್ರೀಸ್ ಬಿಡದವನ ಜೊತೆ ನಾಲ್ಕು ದಿನ ಆಡ್ತೀವಿ, ಐದನೇ ದಿನ ಬೇಜಾರಾಗತ್ತೆ.

ಹಾಗಂತ ಸಡಿಲ ಮಾಡಲೇಬಾರದು ಅಂತಲ್ಲ. ಗಾಳಿ ಜೋರಿದ್ದಾಗ ನಡೆಸೋದು ಕಷ್ಟವಾದ ಸ್ಪಿನ್ನೇಕರ್ ಹಾಯಿ ಬೇಡ ಅನ್ನೋರಿಗೆ ಎಷ್ಟೋ ಕ್ಲಬ್ಬುಗಳಲ್ಲಿ ಬೇರೆ ವಿಭಾಗವೇ ಇದೆ. ಅದು ಎಲ್ಲರೂ ಮೊದಲೇ ಮಾತಾಡಿ ಒಪ್ಪಿಕೊಂಡಿದ್ದು. ಮಧ್ಯದಲ್ಲಿ ಒಬ್ಬರೇ, ಯಾರಿಗೂ ಹೇಳದೆ, ತಮಗೆ ಮಾತ್ರ ಸಡಿಲ ಮಾಡ್ಕೊಳ್ಳೋದು ಬೇರೆ.

ಇನ್ನು ಅತಿಥಿಯ ಸಂಕೋಚ. ಇದು ಸುಳ್ಳು ಸಂಕೋಚ ಅಲ್ಲ, ಗೌರವದಿಂದಲೇ ಬಂದಿದ್ದು. ಆದ್ರೆ ಆ ದೋಣಿಯಲ್ಲಿ ನೋಡೋನು ಒಬ್ಬ, ತೀರ್ಮಾನ ಮಾಡೋನು ಇನ್ನೊಬ್ಬ. ಹಾಯಿಯ ಆ ಕಡೆಯಿಂದ ಬೇರೆ ದೋಣಿ ಬರ್ತಿದ್ರೆ ಕೂಗಿ ಹೇಳಬೇಕಾದವನೂ ಇದೇ ಮನುಷ್ಯ. ಟನ್‌ಗಟ್ಟಲೆ ತೂಕದ ಎರಡು ದೋಣಿ ಒಂದಕ್ಕೊಂದು ಗುದ್ದಿ, ಆ ಕೊರೆಯೋ ನೀರಿಗೆ ಯಾರಾದ್ರೂ ಬಿದ್ರೆ ಅದು ಟೈಮ್‌ಪಾಸ್ ಅಲ್ಲ. ‘ತಾಗ್ತು’ ಅನ್ನೋಕೆ ನಾಲಿಗೆ ಏಳದವನಿಗೆ ‘ದೋಣಿ ಬಂತು’ ಅನ್ನೋಕೂ ಅರೆಕ್ಷಣ ತಡ ಆಗಬಹುದು. ಕೆಟ್ಟ ಸುದ್ದಿ ಹೇಳೋಕೆ ಹಿಂಜರಿಯೋ ಅಭ್ಯಾಸ ಚಿಕ್ಕ ಸುದ್ದಿ, ದೊಡ್ಡ ಸುದ್ದಿ ಅಂತ ಭೇದ ಮಾಡಲ್ಲ.

ಹೇಳೋದಕ್ಕೂ ಒಂದು ಹೊತ್ತಿದೆ. ಸುತ್ತು ತಿರುಗೋದಿದ್ರೆ ಆದಷ್ಟು ಬೇಗ ತಿರುಗಬೇಕು ಅನ್ನತ್ತೆ ನಿಯಮ. ಆ ಕ್ಷಣದಲ್ಲಿ ‘ತಾಗ್ತು’ ಅಂದ್ರೆ ಅದು ಮಾಹಿತಿ, ಸ್ಕಿಪ್ಪರ್ ಏನಾದ್ರೂ ಮಾಡಬಹುದು. ರೇಸು ಮುಗಿದು ಬಾರಲ್ಲಿ ಕೂತಾಗ ಹೇಳಿದ್ರೆ ಅದು ದೂರು. ಆಗ ಸ್ಕಿಪ್ಪರ್ ಮುಂದೆ ಸಾಮಾನ್ಯವಾಗಿ ಉಳಿಯೋದು ಇಡೀ ರೇಸನ್ನೇ ಬಿಟ್ಟುಕೊಡೋ ದಾರಿ. ಮಾತು ಅದೇ, ಆದ್ರೆ ಹದಿನೈದು ಸೆಕೆಂಡಲ್ಲಿ ಹೇಳಿದ್ದು ಉಪಕಾರ ಆಗತ್ತೆ, ಎರಡು ಗಂಟೆ ಬಿಟ್ಟು ಹೇಳಿದ್ದು ಅವಮಾನ ಆಗತ್ತೆ. ರಿಲೀಸ್‌ಗೆ ಮುಂಚೆ ಬಗ್ ನೋಡಿಯೂ ಮೀಟಿಂಗಲ್ಲಿ ಮ್ಯೂಟ್ ಆಗಿದ್ದು, ಆಮೇಲೆ ಕಾಫಿ ಕುಡೀತಾ ‘ನಂಗೆ ಆಗಲೇ ಗೊತ್ತಿತ್ತು’ ಅನ್ನೋರು ನಮ್ಮ ಎಲ್ಲ ಆಫೀಸಲ್ಲೂ ಇದ್ದಾರೆ. ಮರ್ಯಾದೆಗೆ ಸುಮ್ಮನಿದ್ದೆ ಅಂತಾರೆ. ಯಾರ ಮರ್ಯಾದೆ ಉಳೀತು?

ಹಾಗಾದ್ರೆ ಭಾರವೆಲ್ಲ ಅತಿಥಿಯ ಮೇಲೇನಾ? ಅಲ್ಲ. ಅವನು ಬಾಯಿ ಬಿಟ್ಟಾಗ ಸ್ಕಿಪ್ಪರ್ ಏನ್ ಮಾಡ್ತಾರೆ ಅನ್ನೋದರ ಮೇಲೆ ಮುಂದಿನ ವಾರ ನಿಂತಿದೆ. ಮುಖ ಸಿಂಡರಿಸಿ ‘ನಿಜವಾಗ್ಲೂ ನೋಡಿದ್ಯಾ?’ ಅಂತ ಗದರಿದ್ರೆ, ಆ ದೋಣಿಯಲ್ಲಿ ಇನ್ಯಾರಿಗೂ ಏನೂ ಕಾಣಲ್ಲ. ‘ಸರಿ’ ಅಂತ ಒಂದೇ ಮಾತು ಹೇಳಿ ಸುತ್ತು ತಿರುಗಿಸಿದ್ರೆ, ಹಾಯಿಯ ಎರಡೂ ಕಡೆ ಅವರಿಗೆ ಕಣ್ಣಿರತ್ತೆ. ಎರಡು ಸ್ಥಾನ ಹಿಂದೆ ಬೀಳೋದು ಅದಕ್ಕೆ ದೊಡ್ಡ ಬೆಲೆ ಏನಲ್ಲ.