ಕೇಳುವುದು ಮತ್ತು ಕಿವಿಗೊಡುವುದು

ಕನ್ನಡದ 'ಕೇಳು' ಎಂಬ ಧಾತುವಿಗೆ ಎರಡು ಅರ್ಥಗಳಿವೆ: ಪ್ರಶ್ನಿಸುವುದು ಒಂದು, ಆಲಿಸುವುದು ಇನ್ನೊಂದು. ತರಗತಿಯಲ್ಲಿ ಬೋಧಿಸುತ್ತಿದ್ದಾಗ ನಮಗಿದು ವ್ಯಾಕರಣದ ವಿಷಯ ಮಾತ್ರವಾಗಿತ್ತು. ಎಣ್ಮಕಜೆಯಂಥ ಗಡಿನಾಡಿನಲ್ಲಿ ಎಪ್ಪತ್ತು ದಾಟಿದ ಮೇಲೆ ಇದು ನೀತಿಯ ವಿಷಯವೂ ಹೌದೆಂದು ಮನಗಂಡಿದ್ದೇವೆ.

ನಮ್ಮನ್ನು ಪ್ರಶ್ನಿಸಿದವರಿಗೆ ಕೊರತೆಯಿಲ್ಲ. 1953ರಲ್ಲಿ ನೇಮಕಗೊಂಡ ಫಜಲ್ ಅಲಿ ಆಯೋಗವು ಮನವಿಗಳನ್ನು ಸ್ವೀಕರಿಸಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. ಆದರೆ 126 ಚುನಾಯಿತರ ಸದನದಲ್ಲಿ ಒಂದು ದನಿ ಒಂದೇ ತಾನೆ? 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದಿತು. ವರದಿ ಕಾರ್ಯರೂಪಕ್ಕೆ ಬರಲಿಲ್ಲ.

ಹಳೆಯ ಗಾಯವನ್ನು ಕೆದಕುವುದು ನಮ್ಮ ಉದ್ದೇಶವಲ್ಲ. ಕ್ಷೇತ್ರ ಪುನರ್ವಿಂಗಡಣೆಯ ಮಾತು ದೇಶದಲ್ಲಿ ಎದ್ದಿರುವಾಗ ಆ ಅನುಭವ ನೆನಪಾಗುತ್ತದೆ. 2002ರ ಕಾಯಿದೆಯಂತೆ ಒಂದು ರಾಜ್ಯದ ಐವರು ಸಂಸದರೂ ಐವರು ಶಾಸಕರೂ ಆಯೋಗದ ಸಹಸದಸ್ಯರಾಗಬಹುದಿತ್ತು. ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಜನಪ್ರತಿನಿಧಿಯ ಸ್ಥಿತಿಯೇ ಹೀಗಾದರೆ ಸಾಮಾನ್ಯನ ಪಾಡೇನು? ಒಮ್ಮೆ ವಾರ್ಡು ವಿಂಗಡಣೆಯ ಅಹವಾಲು ಸಭೆಗೆ ನಾವೂ ಮನವಿ ಹಿಡಿದು ಹೋಗಿದ್ದೆವು. ಅದನ್ನು ಸ್ವೀಕರಿಸಿ ಮೊಹರು ಒತ್ತಿದರು. ಉತ್ತರ ಬರಲಿಲ್ಲ.

ಬಹುಮತವೇ ನ್ಯಾಯವಲ್ಲವೇ, ಕೆಲವರ ಮಾತಿಗೆ ಹಲವರು ತಲೆಬಾಗಬೇಕೇ ಎಂದು ಕೇಳಬಹುದು. ಬಾಗಬೇಕಿಲ್ಲ. ಒಬ್ಬನಿಗೆ ಒಂದು ಮತ ಎಂಬ ತತ್ತ್ವವನ್ನು ನಾವು ಗೌರವಿಸುತ್ತೇವೆ. ಆದರೆ ವಿದ್ಯಾರ್ಥಿಯ ಉತ್ತರ ತಪ್ಪೆಂದು ಗೀಟು ಹಾಕುವ ಉಪಾಧ್ಯಾಯನು ಏಕೆ ತಪ್ಪೆಂಬುದನ್ನೂ ಬರೆಯಬೇಕು. ಕೇಳಿದವನು ಒಪ್ಪಲೇಬೇಕೆಂದಿಲ್ಲ, ಒಪ್ಪದಿದ್ದರೆ ಕಾರಣ ಹೇಳುವ ಋಣ ಅವನ ಮೇಲಿದೆ. ಎಣಿಕೆಯಲ್ಲಿ ಸೋತವನು ಆ ಕಾರಣದಿಂದಲೇ ತಾನೂ ಪ್ರಜೆಯೆಂದು ತಿಳಿಯುತ್ತಾನೆ.

ಇದೇ ಅಳತೆಗೋಲನ್ನು ನಮಗೂ ಹಿಡಿಯೋಣ. ನಮ್ಮ ಈ ಭಾಗದಲ್ಲಿ ತುಳು, ಮಲಯಾಳ, ಮರಾಠಿ, ಬ್ಯಾರಿ ಮನೆಮಾತಿನವರಿದ್ದಾರೆ, ಕೊರಗರಿದ್ದಾರೆ. ಆ ಮನವಿಯ ಕೊನೆಗೆ 'ಊರಿನ ಸಮಸ್ತರ ಪರವಾಗಿ' ಎಂದು ಬರೆದವರು ನಾವೇ. ಬರೆಯುವ ಮುನ್ನ ಕೊರಗರ ಅಂಗಳಕ್ಕೆ ಹೋಗಿ ಕೇಳಿದೆವೇ? ಇಲ್ಲ. ನಮಗೆ ಉತ್ತರ ಬರಲಿಲ್ಲವೆಂದು ನೊಂದೆವು. ಅವರಿಗೆ ಪ್ರಶ್ನೆಯೇ ತಲುಪಿರಲಿಲ್ಲ.

ಸಮಾನ ಪ್ರಾತಿನಿಧ್ಯವನ್ನು ದಿಲ್ಲಿಯಿಂದಲೂ ತಿರುವನಂತಪುರದಿಂದಲೂ ಬೇಡುವುದು ನಮ್ಮ ಹಕ್ಕು, ಬಿಡಬಾರದು. ಮುಂದಿನ ಮನವಿಯನ್ನು ಮಾತ್ರ ಸಂಘದ ಕೊಠಡಿಯಲ್ಲಿ ಕುಳಿತು ಬರೆಯದಿರೋಣ. ಅಂಗಳದಿಂದ ಅಂಗಳಕ್ಕೆ ನಡೆದು, 'ಕೇಳು' ಎಂಬುದರ ಎರಡು ಅರ್ಥಗಳನ್ನೂ ಪಾಲಿಸಿ ಬರೆಯೋಣ.