ಕಾಣಲಿಲ್ಲ ಅಂತ ಬರೆಯೋದು

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನೀವು 15 ಜನ ಒಟ್ಟಿಗೆ ಹಕ್ಕಿ ನೋಡೋಕೆ ಹೋಗಿದ್ದೀರಿ. ಎರಡು ಗಂಟೆ ನಡೆದಿದ್ದೀರಿ. ಗುಂಪಿನ ಪರವಾಗಿ ಒಬ್ಬರು ಫೋನಿನಲ್ಲಿ ಪಟ್ಟಿ ಮಾಡ್ತಿದ್ದಾರೆ. ಕೊನೆಗೆ ಒಟ್ಟು 42 ಜಾತಿ. ಅದರಲ್ಲಿ ನೀವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಬರೀ 29. ಸಂಜೆ ಆ ಪಟ್ಟಿ ನಿಮ್ಮ ಖಾತೆಗೂ ಬರುತ್ತೆ. ಸುಮ್ಮನೆ ಒಪ್ಪಿಕೊಂಡರೆ 42ವೂ ನಿಮ್ಮವೇ. ನೀವು ಕಾಣದ 13ನ್ನು ಒಂದೊಂದಾಗಿ ಅಳಿಸಲೂಬಹುದು. ಅಳಿಸಿದಿರಾ ಇಲ್ಲವಾ ಅಂತ ಯಾರೂ ಕೇಳಲ್ಲ. ಅಳಿಸದೇ ಇದ್ದರೆ ಯಾರ ಗಂಟೂ ಹೋಗಲ್ಲ. ಹಾಗಾದ್ರೆ ಅಳಿಸಬೇಕಾ?

ಇದೇನು ದೊಡ್ಡ ವಿಷಯ ಅನ್ನಿಸಬಹುದು. ನನಗೆ ಮಾತ್ರ ಇದು ಯಾರೂ ನೋಡದಾಗ ನಿಜ ಹೇಳಬೇಕಾ ಅನ್ನೋ ಹಳೇ ಪ್ರಶ್ನೆಯೇ ಬೈನಾಕ್ಯುಲರ್ ಹಾಕ್ಕೊಂಡು ಬಂದ ಹಾಗೆ ಕಾಣುತ್ತೆ.

ನಾನು ಹೊಸದುರ್ಗ ತಾಲ್ಲೂಕಿನ ಮತ್ತೋಡಿನವನು, ಹೊಟ್ಟೆಪಾಡಿಗೆ ಬೆಂಗಳೂರಿನವನು. ಬಿಡುವಾದ ಭಾನುವಾರ ಬೆಳಗ್ಗೆ ಕೆಲವು ಗೆಳೆಯರ ಜೊತೆ ಹೆಬ್ಬಾಳದ ಆಚೆ ಇರುವ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿಗೆ ಹೋಗ್ತೀನಿ. ಈ ಊರಿಗೆ ಇಂಥ ಗುಂಪು ನಡಿಗೆ ಹೊಸದಲ್ಲ. ಜೋಸೆಫ್ ಜಾರ್ಜ್ ಮತ್ತು ಅವರ ಗೆಳೆಯರು 1970ರ ದಶಕದಲ್ಲಿ ಶುರು ಮಾಡಿದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಲಾಲ್‌ಬಾಗಿನಲ್ಲಿ ತಿಂಗಳ ನಡಿಗೆ ನಡೆಸಿಕೊಂಡು ಬಂತು, 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಪಟ್ಟಿಯನ್ನೂ ತಂದಿತು. ಈಗ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದ ನೂರಾರು ಕಾಲೇಜುಗಳಲ್ಲಿ ಕ್ಯಾಂಪಸ್ ಹಕ್ಕಿ ಎಣಿಕೆ ನಡೆಯುತ್ತೆ. ತೇಜಸ್ವಿ ಪುಸ್ತಕ ಓದಿ ಬಂದವರು, ಕ್ಯಾಮೆರಾ ಕೊಂಡು ಬಂದವರು, ಡಾಕ್ಟರು 'ವಾಕಿಂಗ್ ಮಾಡಿ' ಅಂದಿದ್ದಕ್ಕೆ ಬಂದವರು, ಎಲ್ಲರೂ ಇರ್ತಾರೆ.

ಪಟ್ಟಿ ಹೋಗೋದು ಬಹುತೇಕ ಇ-ಬರ್ಡ್ ಎಂಬ ಆ್ಯಪಿಗೆ. 2002ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು ಅಲ್ಲಿನ ಆಡುಬಾನ್ ಸಂಸ್ಥೆಯ ಜೊತೆ ಸೇರಿ ಶುರು ಮಾಡಿದ್ದು. ಪಟ್ಟಿ ಕಳಿಸುವ ಮುಂಚೆ ಅದು ಒಂದು ಪ್ರಶ್ನೆ ಕೇಳುತ್ತೆ: ನೀವು ಗುರುತಿಸಿದ ಹಕ್ಕಿಗಳನ್ನೆಲ್ಲ ಇದರಲ್ಲಿ ಹಾಕಿದ್ದೀರಾ? ಹೌದು, ಇಲ್ಲ, ಎರಡೇ ಉತ್ತರ. 'ಹೌದು' ಅಂದರೆ ಅದು ಪೂರ್ತಿ ಪಟ್ಟಿ. ಅಂದ್ರೆ ಕಾಗೆಯನ್ನೂ ಬರೆದಿದ್ದೀರಿ, ಪಾರಿವಾಳವನ್ನೂ ಬರೆದಿದ್ದೀರಿ, ಕ್ಯಾಂಟೀನ್ ಮುಂದೆ ಇಡ್ಲಿ ಚೂರಿಗೆ ಜಗಳ ಆಡ್ತಿದ್ದ ಗೊರವಂಕವನ್ನೂ ಬರೆದಿದ್ದೀರಿ.

ಹೊಸಬರು ಇಲ್ಲೇ ಎಡವೋದು. "ಕಾಗೆ ಬರೀಬೇಕಾ? ಎಲ್ಲಾ ಕಡೆ ಇರುತ್ತಲ್ವಾ?" ಅಂತ ಕೇಳ್ತಾರೆ. ನವರಂಗ ಕಂಡರೆ ಬರೀಬೇಕು ಅನ್ನೋದು ಯಾರಿಗೂ ಹೇಳಿಕೊಡಬೇಕಿಲ್ಲ. ಕಾಗೆ ಬರೀಬೇಕು ಅನ್ನೋದಕ್ಕೆ ಕಾರಣ ಕೊಡಬೇಕಾಗುತ್ತೆ.

ಕಾರಣ ಹೀಗಿದೆ. ಉದಾಹರಣೆಗೆ ಒಂದು ಜಾಗದಿಂದ ಹತ್ತು ವರ್ಷದ ಹಿಂದೆ 100 ಪೂರ್ತಿ ಪಟ್ಟಿ ಬಂದಿದ್ದವು, 30ರಲ್ಲಿ ನೀಲಕಂಠ ಇತ್ತು ಅಂದ್ಕೊಳ್ಳಿ. ಈಗ ಅದೇ ಜಾಗದಿಂದ 100 ಪಟ್ಟಿ ಬಂದರೆ 15ರಲ್ಲಿ ಮಾತ್ರ ಇದೆ. ಏನೋ ಆಗಿದೆ ಅಂತ ನಮಗೆ ಹೇಳಿದ್ದು ಯಾವುದು? ನೀಲಕಂಠ ಇದ್ದ ಪಟ್ಟಿಗಳಷ್ಟೇ ಅಲ್ಲ, ಇಲ್ಲದ 85 ಪಟ್ಟಿಗಳೂ ಹೌದು. ಎರಡು ಗಂಟೆ ನಡೆದು, ಕಂಡದ್ದನ್ನೆಲ್ಲ ಬರೆದು, ನೀಲಕಂಠ ಬರೆಯದೇ ಬಂದವರ ಪಟ್ಟಿ. ಅವರಿಗೆ ತಾವು ಒಂದು ಸಾಕ್ಷಿ ನುಡಿದೆವು ಅನ್ನೋದೂ ಗೊತ್ತಿರಲ್ಲ. ಎಲ್ಲರೂ 'ವಿಶೇಷ' ಹಕ್ಕಿ ಮಾತ್ರ ಬರೆದು ಬಂದರೆ ಈ ಲೆಕ್ಕವೇ ಬೀಳಲ್ಲ. ಬರೆದಿಲ್ಲ ಅಂದರೆ ಕಂಡಿಲ್ಲ ಅಂತಲೋ, ಲೆಕ್ಕಕ್ಕೆ ತಗೊಂಡಿಲ್ಲ ಅಂತಲೋ? ಹೇಳೋಕಾಗಲ್ಲ.

ಇದು ಬರೀ ಊಹೆಯಲ್ಲ. 2023ರಲ್ಲಿ ಬಂದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 30,000ಕ್ಕೂ ಹೆಚ್ಚು ಹವ್ಯಾಸಿಗಳು ಕೊಟ್ಟ ಸುಮಾರು 3 ಕೋಟಿ ದಾಖಲೆಗಳ ಮೇಲೆ ನಿಂತಿದೆ. 942 ಜಾತಿಗಳನ್ನು ಅದು ಪರಿಶೀಲಿಸಿತು. 14 ಜಾತಿಗಳ ಅಪಾಯದ ಮಟ್ಟವನ್ನು ಜಾಗತಿಕ ಕೆಂಪು ಪಟ್ಟಿಯವರು ಮತ್ತೆ ನೋಡಬೇಕು ಅಂತ ಶಿಫಾರಸು ಮಾಡಿತು. ಅದರಲ್ಲಿ ನೀಲಕಂಠವೂ ಒಂದು. ನಮ್ಮ ಕರ್ನಾಟಕದ ರಾಜ್ಯಪಕ್ಷಿ. 'ಅಪರೂಪ' ಅಂತ ಯಾರೂ ಯಾವತ್ತೂ ಅನ್ನದ ಹಕ್ಕಿ ಅದು. ಅಪರೂಪ ಅಲ್ಲ ಅನ್ನೋ ಕಾಲದಲ್ಲೇ ಅದನ್ನು ಬರೆದಿಟ್ಟವರಿದ್ದರಿಂದ ಈಗ ಕಡಿಮೆಯಾಗಿದೆ ಅನ್ನೋದು ತಿಳೀತು.

ಕಾಣದೇ ಇರೋದು ಒಂದು ಅರಿವಾ? ನಮ್ಮ ದಾರ್ಶನಿಕರು ಇದರ ಬಗ್ಗೆ ಶತಮಾನಗಟ್ಟಲೆ ಜಗಳ ಆಡಿದ್ದಾರೆ. ನೆಲದ ಮೇಲೆ ಮಡಕೆ ಇಲ್ಲ ಅನ್ನೋದು ನಿಮಗೆ ಹೇಗೆ ಗೊತ್ತಾಯ್ತು? ನ್ಯಾಯ ದರ್ಶನದವರು ಅದಕ್ಕೆ ಪ್ರತ್ಯಕ್ಷವೇ ಸಾಕು ಅಂದರು. ಕುಮಾರಿಲ ಭಟ್ಟನ ಮೀಮಾಂಸಕರು, ಮುಂದೆ ಅದ್ವೈತಿಗಳು, ಇಲ್ಲ, ಇದು ಬೇರೆಯೇ ಪ್ರಮಾಣ, ಹೆಸರು ಅನುಪಲಬ್ಧಿ, ಅಂದರು. ನನಗೆ ಇಷ್ಟವಾಗೋದು ಅವರು ಹಾಕಿದ ಷರತ್ತು. ಕತ್ತಲಲ್ಲಿ ನಿಂತು ಮಡಕೆ ಇಲ್ಲ ಅನ್ನೋ ಹಾಗಿಲ್ಲ. ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವಂಥ ಬೆಳಕಲ್ಲಿ, ಅಂಥ ಜಾಗದಲ್ಲಿ ನೋಡಿಯೂ ಕಾಣದೇ ಹೋದರೆ ಮಾತ್ರ 'ಇಲ್ಲ' ಅನ್ನೋದು ಅರಿವಾಗುತ್ತೆ.

ಇ-ಬರ್ಡ್ ಎಷ್ಟು ಹೊತ್ತಿಗೆ ಹೊರಟಿರಿ, ಎಷ್ಟು ನಿಮಿಷ, ಎಷ್ಟು ಕಿಲೋಮೀಟರ್ ಅಂತ ಕೇಳೋದೂ ಇದಕ್ಕೇ. ಇಯರ್‌ಫೋನ್ ಹಾಕ್ಕೊಂಡು ಕ್ಯಾಂಪಸ್ಸಲ್ಲಿ ಎರಡು ಸುತ್ತು ಓಡಿ ಬಂದು "ಒಂದು ಹಕ್ಕೀನೂ ಇರ್ಲಿಲ್ಲ" ಅಂದರೆ ಅದು ಹಕ್ಕಿಯ ಸುದ್ದಿ ಅಲ್ಲ, ಓಡಿದವರ ಸುದ್ದಿ. ಹುಡುಕಿ ಹಾಕಿದ ಸೊನ್ನೆ ಬೇರೆ, ನೋಡದೇ ಬಿಟ್ಟ ಖಾಲಿ ಜಾಗ ಬೇರೆ.

ಈ ವ್ಯತ್ಯಾಸ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥ ಆಗಬೇಕು. ಚಳ್ಳಕೆರೆ ಹತ್ತಿರ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆಯನ್ನು ವಿಜ್ಞಾನ, ರಕ್ಷಣೆ, ಇಂಧನದ ಯೋಜನೆಗಳಿಗೆ ಕೊಟ್ಟದ್ದು, ಗೋಡೆ ಎದ್ದದ್ದು, ಕುರಿಗಾಹಿಗಳು ಪ್ರತಿಭಟಿಸಿದ್ದು, ವಿಷಯ ಹಸಿರು ನ್ಯಾಯಮಂಡಳಿವರೆಗೆ ಹೋದದ್ದು ನಿಮಗೆ ನೆನಪಿರಬಹುದು. ಅಲ್ಲಿನ ಕುದಾಪುರದಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸೂ ಇದೆ. ಆ ಯೋಜನೆಗಳು ಬೇಕಿತ್ತಾ ಬೇಡವಾ ಅನ್ನೋ ವಾದ ಇಲ್ಲಿ ಬೇಡ. ನನಗೆ ಕಾಡೋದು ಹುಲ್ಲುಗಾವಲಿಗೆ ನಾವು ಇಟ್ಟ ಹೆಸರು: ಬಂಜರು. ದೇಶದ ಎಷ್ಟೋ ಹುಲ್ಲುಗಾವಲುಗಳು ಸರಕಾರಿ ಲೆಕ್ಕದಲ್ಲಿ ಪಾಳುಭೂಮಿ. 'ಅಲ್ಲೇನೂ ಇಲ್ಲ' ಅಂತ ಬರೆಯೋದು ಬಲು ಸುಲಭ, ಹೋಗಿ ನೋಡಬೇಕಾಗಿಲ್ಲ. ಬಾನಾಡಿ, ಗೌಜಲು, ತೋಳ, ಆ ಹುಲ್ಲನ್ನೇ ನಂಬಿದ ದನ ಕುರಿ, ಅವುಗಳ ಹಿಂದೆ ನಡೆಯೋ ಮನುಷ್ಯ, ಎಲ್ಲ ಆ 'ಏನೂ ಇಲ್ಲ'ದ ಒಳಗೆ ಸೇರಿಹೋಗ್ತಾರೆ. ನೋಡದೇ ಹೇಳಿದ 'ಇಲ್ಲ' ಅಜ್ಞಾನ ಮಾತ್ರ ಅಲ್ಲ, ಅನ್ಯಾಯ ಕೂಡ.

ಇದಕ್ಕೆ ಎದುರಾಗಿ ನಮ್ಮೂರಿನದೇ ಒಂದು ಉದಾಹರಣೆ ಇದೆ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಕಂಪನಿ ಸರಕಾರದ ಅಪ್ಪಣೆ ಮೇಲೆ ಮೈಸೂರು ಸೀಮೆ ಸುತ್ತಿದ. ಮತ್ತೋಡಿನಲ್ಲಿ ಬಳೆಗೆ ಬೇಕಾದ ಗಾಜು ಮಾಡ್ತಿದ್ದ ಕುಲುಮೆಗಳನ್ನು ನೋಡಿ, ಮಾಡುವ ವಿಧಾನವನ್ನು ಬರೆದುಕೊಂಡ. ಅವನ ಉದ್ದೇಶ ಕಂಪನಿಯ ಲಾಭವೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಳೆಗಾಜು ಅವತ್ತಿಗೆ ಕಾಗೆಯಷ್ಟೇ ಮಾಮೂಲಿ ವಸ್ತು. ಮಾಮೂಲಿ ಅಂತ ಅವನು ಬಿಟ್ಟಿದ್ದರೆ, ಇವತ್ತು ಊರಿಗೆ ಹೋದಾಗ ಇಲ್ಲಿ ಏನು ಇತ್ತು, ಏನು ಹೋಯ್ತು ಅಂತ ಅಳೆಯೋಕೆ ನನ್ನ ಕೈಯಲ್ಲಿ ಅಷ್ಟು ಹಳೇ ಗುರುತು ಇರ್ತಿರಲಿಲ್ಲ.

ನಡಿಗೆಯ ಗೆಳೆಯನೊಬ್ಬ ಇದನ್ನೆಲ್ಲ ಒಪ್ಪಲ್ಲ. "ವಾರವೆಲ್ಲ ಆಫೀಸಲ್ಲಿ ಟೈಮ್‌ಶೀಟ್ ತುಂಬ್ತೀನಿ ಮಾರಾಯ, ಭಾನುವಾರನೂ ತುಂಬಿಸ್ತೀಯಲ್ಲೋ. ಹಕ್ಕಿ ನೋಡೋದು ಖುಷಿಗೆ" ಅಂತಾನೆ. ಅವನ ಮಾತಲ್ಲಿ ತೂಕ ಇದೆ. ಎಣಿಕೆಯ ಚಟ ಹತ್ತಿದವರು ಹಕ್ಕಿ ಕಂಡ ಕ್ಷಣವೇ ಬೆನ್ನು ತಿರುಗಿಸಿ ಮುಂದಿನದ್ದಕ್ಕೆ ಓಡೋದನ್ನು ನಾನೂ ನೋಡಿದ್ದೀನಿ. ಆದರೆ ಟೈಮ್‌ಶೀಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಟೈಮ್‌ಶೀಟಿನಲ್ಲಿ ಎಂಟು ಗಂಟೆ ಅಂತ ಮೊದಲೇ ತೀರ್ಮಾನ ಆಗಿರುತ್ತೆ, ನಾವು ಅದಕ್ಕೆ ತಕ್ಕ ಹಾಗೆ ದಿನವನ್ನು ಹೊಲೀತೀವಿ. ಹಕ್ಕಿ ಪಟ್ಟಿಯಲ್ಲಿ ಉತ್ತರ ನಮ್ಮ ಕೈಲಿಲ್ಲ. ಎಷ್ಟು ಕಂಡಿತೋ ಅಷ್ಟು. ವಾರದಲ್ಲಿ ಎರಡು ಗಂಟೆಯಾದ್ರೂ ಹಾಗಿರೋದು ನನಗಂತೂ ಖುಷಿಯೇ.

ಈಗ ಆ 13 ಹಕ್ಕಿಗೆ ಬರೋಣ. ಅಳಿಸದೇ ಬಿಟ್ಟರೆ ವಿಜ್ಞಾನಕ್ಕೆ ಅಂಥ ನಷ್ಟ ಇಲ್ಲ. ಹಂಚಿಕೊಂಡ ಪಟ್ಟಿಯನ್ನು ಒಂದೇ ನಡಿಗೆ ಅಂತಲೇ ಲೆಕ್ಕಕ್ಕೆ ತಗೋತಾರೆ. ಯಾರೋ ಒಬ್ಬರಿಗೆ ಕಂಡಿದ್ದರೆ ಗುಂಪಿನ ಪಟ್ಟಿ ಸುಳ್ಳಲ್ಲ. ಆದರೂ ಅಳಿಸಬೇಕು ಅಂತ ನಾನು ಯಾಕೆ ಹೇಳ್ತೀನಿ?

ಮರದ ಕೆಳಗೆ ಏನಾಗುತ್ತೆ ನೋಡಿ. "ರಾಜಹಕ್ಕಿ! ಆ ಕೊಂಬೆಯ ಎಡಕ್ಕೆ! ಕಾಣಿಸ್ತಾ?" ಅಂತ ಒಬ್ಬರು ಕೂಗ್ತಾರೆ. ಹದಿನಾಲ್ಕು ತಲೆ ಮೇಲೇಳ್ತವೆ. "ಹಾಂ ಹಾಂ, ಸಿಕ್ತು ಸಿಕ್ತು." ಎಲ್ಲರಿಗೂ ನಿಜವಾಗಿ ಸಿಕ್ಕಿರುತ್ತಾ? 'ನನಗೆ ಕಾಣ್ಲಿಲ್ಲ' ಅನ್ನೋಕೆ ನಾಚಿಕೆ, ಎಲ್ಲರನ್ನೂ ಕಾಯಿಸಬೇಕಲ್ಲಾ ಅನ್ನೋ ಸಂಕೋಚ. ಮೀಟಿಂಗಲ್ಲಿ 'ಅರ್ಥ ಆಯ್ತಾ?' ಅಂದಾಗ ಎಲ್ಲರೂ ತಲೆ ಆಡಿಸ್ತೀವಲ್ಲ, ಹಾಗೇ. ಆದರೆ ಗುಂಪಲ್ಲಿ ಹೋಗೋದರ ಅರ್ಥ ಇರೋದೇ ಮೂವತ್ತು ಕಣ್ಣು ಬೇರೆ ಬೇರೆಯಾಗಿ ನೋಡ್ತವೆ ಅನ್ನೋದರಲ್ಲಿ. ಒಬ್ಬರು ಹೇಳಿದ್ದಕ್ಕೆ ಉಳಿದವರು ಹೂಂಗುಟ್ಟಿದರೆ ಸಾಕ್ಷಿ ಹದಿನೈದಲ್ಲ, ಒಂದೇ. ಅವರು ತಪ್ಪಿದ್ದರೆ ತಿದ್ದೋಕೆ ಯಾರೂ ಉಳಿದಿಲ್ಲ. ಅಪರೂಪದ ಹಕ್ಕಿಯಾದರೆ ಇ-ಬರ್ಡಿನ ಪರಿಶೀಲಕರು ವಿವರ ಕೇಳಿ ಪತ್ರ ಬರೀತಾರೆ. ಮಾಮೂಲಿ ಹಕ್ಕಿಯ ಬಗ್ಗೆ ಯಾರೂ ಕೇಳಲ್ಲ. ಅಲ್ಲಿ ಕಾವಲಿರೋದು ನಾವೇ.

'ನನಗೆ ಕಾಣಲಿಲ್ಲ' ಅಂದರೆ ಗುಂಪಿನ ಉತ್ಸಾಹಕ್ಕೆ ತಣ್ಣೀರು ಎರಚಿದ ಹಾಗಲ್ಲ. ಈ ಮಾತು ಹೇಳಬಲ್ಲವರು 'ಕಂಡೆ' ಅಂದಾಗಲೇ ಅದಕ್ಕೆ ಬೆಲೆ ಬರೋದು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ನಂಬಬಹುದಾದ ಮನುಷ್ಯ, ಅಂದ್ರೆ ಆಪ್ತ, ಯಾರು ಅಂತ ಹೇಳಿದ್ದಾನೆ: ವಿಷಯವನ್ನು ನೇರ ಕಂಡಿರಬೇಕು, ಕಂಡ ಹಾಗೇ ಹೇಳುವ ಮನಸ್ಸಿರಬೇಕು. ಈ ಲಕ್ಷಣ ಋಷಿಗೂ ಒಂದೇ, ಮ್ಲೇಚ್ಛನಿಗೂ ಒಂದೇ ಅಂತಲೂ ಸೇರಿಸಿದ್ದಾನೆ. ದುಬಾರಿ ಲೆನ್ಸು ಬೇಕು, ಇಂಗ್ಲಿಷ್ ಹೆಸರು ಗೊತ್ತಿರಬೇಕು ಅಂತ ಎಲ್ಲೂ ಇಲ್ಲ. ನಾವು ಹೋಗೋ ದಾರಿಯಲ್ಲಿ ಒಬ್ಬ ಸೆಕ್ಯುರಿಟಿಯವರಿದ್ದಾರೆ. ಒಣಗಿದ ಮರದ ಪೊಟರೆಯ ಹಾಲಕ್ಕಿ ಬಗ್ಗೆ ಕೇಳಿದರೆ, ಇದ್ದ ದಿನ "ಐತೆ ಸಾರ್" ಅಂತಾರೆ. ಇಲ್ಲದ ದಿನ "ಇವತ್ತು ಕಾಣ್ಲಿಲ್ಲ ಸಾರ್" ಅಂತಾರೆ. ನಮ್ಮನ್ನು ಖುಷಿಪಡಿಸೋಕೆ ಅಂತ ಒಂದು ದಿನವೂ "ಈಗ ತಾನೆ ಹಾರೋಯ್ತು" ಅಂದವರಲ್ಲ.

ಹೋದ ಸಲ ಊರಿಗೆ ಹೋದಾಗ ದೊಡ್ಡಪ್ಪನ ಹತ್ತಿರ ನೀಲಕಂಠದ ಮಾತು ತೆಗೆದೆ. "ಮೊದ್ಲು ಹೊಲದ ಮೇಲಿನ ಕರೆಂಟ್ ತಂತೀಲಿ ಕುಂತಿರವು. ಈಗೆಲ್ಲಿ ಕಾಣ್ತವಪ್ಪಾ" ಅಂದರು. "ಯಾವಾಗಿಂದ ಕಾಣ್ತಿಲ್ಲ ದೊಡ್ಡಪ್ಪ?" ಅಂದೆ. ಸ್ವಲ್ಪ ಹೊತ್ತು ತೋಟದ ಕಡೆ ನೋಡಿದರು. "ಅದನ್ನ ಯಾರು ನೋಡಿಟ್ಕಂಡಿದಾರೆ?" ಅಂದರು. ಎಪ್ಪತ್ತು ದಾಟಿದ ರೈತ. ಮಳೆ ಯಾವ ವರ್ಷ ಕೈಕೊಟ್ಟಿತು, ಬೋರು ಎಷ್ಟು ಅಡಿಗೆ ಹೋಯ್ತು, ಎಲ್ಲ ಬಾಯಲ್ಲೇ ಹೇಳ್ತಾರೆ. ಇದೊಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಿದರು, ಒಂದು ವರ್ಷ ಊಹಿಸಿ ಹೇಳಲಿಲ್ಲ.

ಮಾರನೇ ದಿನ ಬೆಳಗ್ಗೆ ಆ ಹೊಲದ ಬದುವಿನ ಮೇಲೆ ಅರ್ಧ ಗಂಟೆ ನಿಂತೆ. ಕಾಗೆ, ಗೊರವಂಕ, ಪಿಕಳಾರ, ಕಾಜಾಣ, ಕೆಂಬೂತ, ಟಿಟ್ಟಿಭ, ತೆಂಗಿನ ತಲೆ ಮೇಲೆ ಒಂದು ಹದ್ದು. ತಂತಿ ಮೇಲೆ ಕೊನೆವರೆಗೂ ಕಣ್ಣಿಟ್ಟಿದ್ದೆ. ಏಳೇ ಜಾತಿ. ಎಲ್ಲ ಹಾಕಿದ್ದೀರಾ ಅಂತ ಫೋನು ಕೇಳಿತು. ಹೌದು ಅಂತ ಒತ್ತಿದೆ.