ದಾಂಪತ್ಯದ ಒಲವು ಕಲಿತು ಬರುವುದೇ?



ಸಿಡ್ನಿಯ ಲಕೆಂಬಾದಲ್ಲಾಗಲಿ, ಮೆಲ್ಬೋರ್ನಿನ ಬ್ರಾಡ್‌ಮೆಡೋಸ್‌ನಲ್ಲಾಗಲಿ, ನಮ್ಮವರಲ್ಲಿ ಕೆಲವರ ಪತ್ನಿ ಮಕ್ಕಳು ಊರಲ್ಲಿದ್ದಾರೆ. ವೀಸಾದ ದಾರಿ ಕಾಯುತ್ತಿದ್ದಾರೆ. ಇನ್ನು ಕೆಲವರು ಒಂದೇ ಮನೆಯಲ್ಲಿದ್ದರೂ ಒಬ್ಬರದ್ದು ಹಗಲು ಪಾಳಿ, ಇನ್ನೊಬ್ಬರದ್ದು ರಾತ್ರಿ ಪಾಳಿ; ಮುಖ ನೋಡುವುದೇ ಬಾಗಿಲ ಬಳಿ. ಮದುವೆಯ ಹೊಸತರಲ್ಲಿದ್ದ ಪ್ರೀತಿ ಹೀಗೆ ಸೊರಗಿದರೆ ಅದನ್ನು ಮತ್ತೆ ಬೆಳೆಸಬಹುದೇ?

ಸೂರಃ ಅರ್ರೂಮ್‌ನ 21ನೇ ವಚನವು ದಂಪತಿಗಳ ನಡುವೆ ಅಲ್ಲಾಹನು ಇಟ್ಟಿರುವ ಎರಡು ವರಗಳನ್ನು ಹೆಸರಿಸುತ್ತದೆ: ಮವದ್ದತ್ ಮತ್ತು ರಹ್ಮತ್. ಅಂದರೆ ಒಲವು ಮತ್ತು ಕರುಣೆ. ಒಲವು ದಿನವೂ ಒಂದೇ ಮಟ್ಟದಲ್ಲಿರುವುದಿಲ್ಲ. ಗೋದಾಮಿನಲ್ಲಿ ಹತ್ತು ಗಂಟೆ ದುಡಿದು ಬಂದವನ ಮನಸ್ಸು ಬರಿದಾಗಿರುತ್ತದೆ. ಆದರೆ ಮನಸ್ಸು ಬರಿದಾದ ದಿನವೂ ಕರುಣೆ ತೋರಬಹುದು. ಒಂದು ಲೋಟ ನೀರು ಕೊಡಬಹುದು, ಒಂದು ಕಟು ಮಾತನ್ನು ನುಂಗಿಕೊಳ್ಳಬಹುದು. ಸೂರಃ ಅನ್ನಿಸಾದ 19ನೇ ವಚನದ ಸಾರವೂ ಇದೇ: ಪತ್ನಿಯಲ್ಲಿ ಏನೋ ಹಿಡಿಸದಿದ್ದರೂ ಚೆನ್ನಾಗಿ ಬಾಳಬೇಕು, ಹಿಡಿಸದುದರಲ್ಲೇ ಅಲ್ಲಾಹನು ಬಹಳ ಒಳಿತನ್ನು ಇಟ್ಟಿರಬಹುದು. ಮೊದಲು ನಡತೆ ತಿದ್ದಿಕೊಳ್ಳಬೇಕು, ಮನಸ್ಸು ಅದರ ಹಿಂದೆ ಬರುತ್ತದೆ.

ಮೊದಲ ಉಪವಾಸದಂದು ಚಹಾ ಇಲ್ಲದೆ ತಲೆ ಸಿಡಿಯುತ್ತದೆ. ಹತ್ತನೆಯ ದಿನಕ್ಕೆ ದೇಹ ಒಗ್ಗಿರುತ್ತದೆ. ಸಹನೆಗಾಗಿ ಶ್ರಮಿಸುವವನಿಗೆ ಅಲ್ಲಾಹನು ಸಹನೆಯನ್ನು ಕರುಣಿಸುತ್ತಾನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಸಿವು ತಾಳಲು ಕಲಿತವನು ನಾಲಿಗೆ ತಡೆಯಲು ಕಲಿಯಲಾರನೇ?

ಪ್ರವಾದಿ(ಸ) ಖದೀಜಾ(ರ)ರೊಂದಿಗೆ ಸುಮಾರು 25 ವರ್ಷ ಬಾಳಿದರು. ಅವರು ತೀರಿಕೊಂಡ ಮೇಲೂ ಆಡು ಕೊಯ್ದಾಗ ಅವರ ಗೆಳತಿಯರಿಗೆ ಮಾಂಸ ಕಳಿಸುತ್ತಿದ್ದರು. ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ಇವೆಲ್ಲ ಮತ್ತೆ ಮತ್ತೆ ಮಾಡಿದ ಸಣ್ಣ ಕೆಲಸಗಳು.

ನಾನು ಲೆಕ್ಕಪತ್ರ ನೋಡುವವನು. ಊರಿಗೆ ಹಣ ಕಳಿಸಿದ ರಶೀದಿಯನ್ನೇ ಪ್ರೀತಿಯ ಲೆಕ್ಕವೆಂದು ಹಲವರು ತಿಳಿದಿದ್ದಾರೆ. ಪತ್ನಿಯ ಖರ್ಚು ಆಕೆಯ ಹಕ್ಕು. ಬಾಕಿ ಉಳಿದ ಮಹ್ರ್ ಪತಿಯ ತಲೆಯ ಮೇಲಿನ ಸಾಲ. ಸಾಲ ತೀರಿಸಿ ಉಡುಗೊರೆ ಕೊಟ್ಟೆನೆಂದು ಹೇಳುವಂತಿಲ್ಲ. ಹಕ್ಕು ಸಲ್ಲಿಸಿದ ಮೇಲೆ ಕೊಡುವ ಸಮಯ, ಸವಿಮಾತು ಒಲವಿನ ಖಾತೆಗೆ ಜಮೆಯಾಗುತ್ತವೆ.

ಬೇಸಿಗೆಯ ಸಮಯದಲ್ಲಿ ಇಲ್ಲಿ ರಾತ್ರಿ ಎಂಟಾದಾಗ ಊರಲ್ಲಿ ಮಧ್ಯಾಹ್ನ ಎರಡೂವರೆ. ನಿಮ್ಮ ಇಫ್ತಾರ್ ಮುಗಿದಾಗಲೂ ಆಕೆ ಇನ್ನೂ ಉಪವಾಸದಲ್ಲಿರುತ್ತಾಳೆ. ತರಾವೀಹ್‌ಗೆ ಮುನ್ನ ಹತ್ತು ನಿಮಿಷ ಕರೆ ಮಾಡಿರಿ. ಹಣದ ಮಾತು ಬದಿಗಿಟ್ಟು ಆಕೆಯ ದಿನ ಹೇಗಿದೆಯೆಂದು ಕೇಳಿರಿ. ಖಲೀಫ ಉಮರ್(ರ) ಸೈನಿಕರನ್ನು ಪತ್ನಿಯರಿಂದ ದೂರವಿಡುವುದಕ್ಕೆ ತಿಂಗಳುಗಳ ಮಿತಿ ಹಾಕಿದರೆಂಬ ವರದಿಯಿದೆ. ರಜೆ ಮುಂದೂಡುವ ಮೊದಲು ಇದನ್ನು ನೆನೆಯಿರಿ.

ಒಂದು ಎಚ್ಚರಿಕೆ: ಸಹನೆಯೆಂದರೆ ಹೊಡೆತ ತಿನ್ನುವುದಲ್ಲ. ಹೊಡೆತ, ಬೆದರಿಕೆಗಳಿರುವ ಮನೆಯಲ್ಲಿ ಪಾಠ ಕಲಿಯಬೇಕಾದವನು ಹೊಡೆಯುವವನು. ಅಂತಹ ಕಷ್ಟದಲ್ಲಿರುವ ಸಹೋದರಿಯರು 1800 737 732ಕ್ಕೆ ಹಗಲಿರುಳು ಯಾವ ಹೊತ್ತಿಗೂ ಕರೆ ಮಾಡಬಹುದು, ಜೀವಭಯವಿದ್ದರೆ 000.

ಅಲ್ಲಾಹನು ನಮ್ಮ ಮನೆಗಳಲ್ಲಿ ಒಲವನ್ನೂ ಕರುಣೆಯನ್ನೂ ಹೆಚ್ಚಿಸಲಿ, ದೂರವಿರುವ ಜೋಡಿಗಳನ್ನು ಬೇಗ ಸೇರಿಸಲಿ. ಆಮೀನ್.